ಷೋಕೇಸಿನ ಬಸವಣ್ಣ

ನಮ್ಮಕ್ಕನ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹೋದ ವರ್ಷ ಊರಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದ. ಊಟ ಮುಗಿದ ಮೇಲೆ ಬಂದವರನ್ನೆಲ್ಲ ನಡುಮನೆಗೆ ಕರಕೊಂಡು ಹೋಗಿ, ಗೋಡೆ ಅಗಲಕ್ಕೂ ಮಾಡಿಸಿದ್ದ ಷೋಕೇಸು ತೋರಿಸಿದ. ಗಾಜಿನ ಹಿಂದೆ ಸಣ್ಣ ಸಣ್ಣ ಲೈಟು. ಲೈಟಿನ ಕೆಳಗೆ ಗೇಣುದ್ದದ ಲೇಪಾಕ್ಷಿ ಬಸವಣ್ಣ, ಮೊಳದುದ್ದದ ಬೇಲೂರಿನ ದರ್ಪಣ ಸುಂದರಿ, ಹಿತ್ತಾಳೆಯಲ್ಲಿ ಹಂಪಿ ರಥ. ಎದುರು ಗೋಡೆಗೆ ಬುದ್ಧನ ಮುಖ. ಬರೀ ಮುಖ, ಕತ್ತಿನಿಂದ ಕೆಳಗೆ ಏನೂ ಇಲ್ಲ. ಎಲ್ಲಾ ಸೇರಿ 18,000 ರೂಪಾಯಿ ಆಯ್ತು ಅಂದ. ಬಂದವರು ಮೊಬೈಲು ತೆಗೆದು ಫೋಟೋ ಹೊಡಕೊಂಡರು. ನಾನೂ ಚೆನ್ನಾಗೈತೆ ಕಣಪ್ಪ ಅಂದೆ. ಅಂದು ಮನೆಗೆ ಬಂದೆ. ಆದರೆ ಅಂದ ಮಾತು ಬಾಯಲ್ಲಿ ಹುಳ್ಳಗೆ ಉಳಕೊಂಡಿತು.

ವಾಚನಾಲಯದವರು ಈ ಪುಸ್ತಕಕ್ಕೆ ಏನಾದರೂ ಬರೆದುಕೊಡಿ ಅಂದಾಗ ತತ್ವಪದದ ಮಟ್ಟುಗಳ ಮೇಲೆ ಬರೆಯೋಣ ಅಂತಿದ್ದೆ. ಕೂತರೆ ಈ ಷೋಕೇಸೇ ಕಣ್ಣ ಮುಂದೆ ಬರುತ್ತೆ. ಅದಕ್ಕೆ ಇದನ್ನೇ ಬರೆದಿದ್ದೀನಿ.

ಮೊದಲೇ ಹೇಳಿಬಿಡ್ತೀನಿ, ನಕಲು ಅಂದ ಮಾತ್ರಕ್ಕೆ ಕೀಳು ಅಂತ ನಾನು ಹೇಳೋದಿಲ್ಲ. ನಾವು ಹುಡುಗರಾಗಿದ್ದಾಗ ನಮ್ಮ ಮನೆಗಳ ಗೋಡೆ ಮೇಲೆ ಇದ್ದುದು ಏನು? ಕ್ಯಾಲೆಂಡರಿನ ಲಕ್ಷ್ಮಿ, ಸರಸ್ವತಿ. ರಾಜಾ ರವಿವರ್ಮ 1894ರಲ್ಲಿ ಮುಂಬೈನಲ್ಲಿ ಅಚ್ಚುಕೂಟ ಹಾಕಿ ತನ್ನ ಚಿತ್ರಗಳನ್ನ ಕಲ್ಲಚ್ಚಿನಲ್ಲಿ ಹೊಡೆಸಿದ. ಅರಮನೆಯವರ ಗೋಡೆಗೆ ಮಾತ್ರ ಇದ್ದ ಲಕ್ಷ್ಮಿ ಕೂಲಿ ಮಾಡೋರ ಗುಡಿಸಲಿಗೂ ಬಂದಳು. ನಮ್ಮವ್ವ ಅಂಥದ್ದೇ ಒಂದು ಪಟಕ್ಕೆ ಸಾಯೋ ತನಕ ಊದುಬತ್ತಿ ಹಚ್ಚಿದಳು. ಅದು ನಕಲು ಅಂತ ಅವಳಿಗೆ ಯಾರಾದರೂ ಹೇಳಿದ್ದರೆ ಪೊರಕೆ ತಗೊಳ್ಳುತ್ತಿದ್ದಳು. ಆದರೆ ಪಟದಿಂದ ಪಟ ಮಾಡೋದು ಒಂದು, ಕಲ್ಲಿನಿಂದ ಫೈಬರು ಮಾಡೋದು ಇನ್ನೊಂದು. ಪಟಕ್ಕೆ ಹಿಂದೆ ಮುಂದೆ ಇಲ್ಲ, ತೂಕ ಇಲ್ಲ. ಎಲ್ಲಿ ಮೊಳೆ ಹೊಡೆದರೆ ಅಲ್ಲೇ ಅದರ ಊರು. ಕಲ್ಲಿಗೆ ಹಾಗಲ್ಲ.

ಬಸವಣ್ಣನಿಂದ ಶುರು ಮಾಡ್ತೀನಿ, ಯಾಕೆಂದರೆ ಅವನು ನಮ್ಮ ಸೀಮೆಯವನು. ಹಿಂದೂಪುರದಿಂದ 15 ಕಿಲೋಮೀಟರು. ನಮ್ಮಲ್ಲಿ ಲೇಪಾಕ್ಷಿ ನೋಡದೇ ಇರೋರು ಕಮ್ಮಿ. ಅಚ್ಯುತರಾಯನ ಕಾಲದಲ್ಲಿ ಪೆನುಗೊಂಡೆಯ ವಿರುಪಣ್ಣ ಮತ್ತು ಅವನ ತಮ್ಮ ವೀರಣ್ಣ ವೀರಭದ್ರನ ಗುಡಿ ಕಟ್ಟಿಸಿದ್ದು, ಅಂದರೆ ಸುಮಾರು 500 ವರ್ಷದ ಮಾತು. ಬಸವಣ್ಣ ಗುಡಿಯ ಒಳಗೆ ಇಲ್ಲ. ಗುಡಿಗೆ ಇನ್ನೂ ಒಂದು ಕೂಗಳತೆ ಇದೆ ಅನ್ನುವಾಗಲೇ ರಸ್ತೆ ಪಕ್ಕ ಕೂತಿದ್ದಾನೆ. 27 ಅಡಿ ಉದ್ದ, 15 ಅಡಿ ಎತ್ತರ, ಒಂದೇ ಬಂಡೆ. ಬೇರೆ ಕಡೆಯಿಂದ ತಂದು ಕೂರಿಸಿದ್ದಲ್ಲ, ಅಲ್ಲೇ ಇದ್ದ ಗುಂಡನ್ನೇ ಬಸವಣ್ಣ ಮಾಡಿದ ಹಾಗೆ ಕಾಣುತ್ತಾನೆ. ಕತ್ತು ಎತ್ತಿದ್ದಾನೆ. ಕೊರಳಲ್ಲಿ ಗಂಟೆ ಸರ. ಅವನ ನೋಟದ ನೇರಕ್ಕೆ ಗುಡಿ ಆವರಣದಲ್ಲಿ ಏಳು ಹೆಡೆಯ ನಾಗಪ್ಪ ಲಿಂಗಕ್ಕೆ ನೆರಳು ಹಿಡಿದು ಕೂತಿದ್ದಾನೆ.

ನಾನು ಮೊದಲ ಸಲ ಹೋದಾಗ ಏಳೆಂಟು ವರ್ಷದ ಹುಡುಗ. ನಮ್ಮಪ್ಪ ಎತ್ತಿನ ವ್ಯಾಪಾರಕ್ಕೆ ಹಿಂದೂಪುರದ ಸಂತೆಗೆ ಬಂದವನು ಅಲ್ಲಿಗೂ ಕರಕೊಂಡು ಹೋಗಿದ್ದ. ಬಸವಣ್ಣನ ಮುಂಗಾಲಿನ ಹತ್ರ ನಿಂತು ತಲೆ ಎತ್ತಿದೆ. ಗಂಗೆದೊಗಲು ಕಂಡಿತು, ಗಂಟೆ ಕಂಡಿತು, ಮುಖ ಕಾಣಲಿಲ್ಲ. ಹಿಂದಕ್ಕೆ ಹೋದೆ. ಇನ್ನೂ ಹಿಂದಕ್ಕೆ ಹೋದೆ. ಮುಖ ಕಾಣುವ ಹೊತ್ತಿಗೆ ಅಪ್ಪ ಎಲ್ಲೋ ದೂರದಲ್ಲಿ ಇರುವೆ ಹಾಗೆ ಕಂಡ. ನಮ್ಮ ಮನೆಯ ಎತ್ತುಗಳು ನನಗೆ ಆಗ ಬಲು ದೊಡ್ಡವು. ಅಂಥ ಎತ್ತನ್ನ ಹೂಡೋ ಅಪ್ಪನೇ ಇವನ ಮುಂದೆ ಇಷ್ಟಾದನಲ್ಲ ಅಂತ ಹೆದರಿಕೆ ಆಯಿತು. ಹೆದರಿಕೆ ಜೊತೆಗೇ ಒಂದು ಧೈರ್ಯ. ಅದು ಎಂಥ ಧೈರ್ಯ ಅಂತ ಇವತ್ತಿಗೂ ಸರಿಯಾಗಿ ಹೇಳೋಕೆ ಬರೋದಿಲ್ಲ.

ಷೋಕೇಸಿನ ಬಸವಣ್ಣ ಇದನ್ನ ಉಲ್ಟಾ ಮಾಡಿಬಿಡುತ್ತಾನೆ. ಅಲ್ಲಿ ನಾನು ತಲೆ ಎತ್ತಬೇಕು, ಇಲ್ಲಿ ಬಗ್ಗಬೇಕು. ಅಲ್ಲಿ ನಾನು ಸುತ್ತು ಬರಬೇಕು, ಇಲ್ಲಿ ಅವನನ್ನೇ ಅಂಗೈ ಮೇಲೆ ಇಟ್ಟುಕೊಂಡು ತಿರುಗಿಸಬಹುದು. ಗಂಟೆ ಸರ ಇದೆ, ಡುಬ್ಬ ಇದೆ, ಮಡಿಚಿದ ಕಾಲಿದೆ, ಏನೂ ಬಿಟ್ಟಿಲ್ಲ. ಆದರೆ ಕೆತ್ತಿದವನು ಮಾಡಿದ ಮುಖ್ಯ ಕೆಲಸ ಗಂಟೆ ಸರ ಅಲ್ಲ ಅಂತೀನಿ ನಾನು. ಗಂಟೆ ಸರ ಎಷ್ಟೋ ಊರಿನ ಬಸವಣ್ಣನಿಗೆ ಇದೆ. ಅಷ್ಟು ದೊಡ್ಡ ಬಂಡೆಯಲ್ಲಿ ಅಷ್ಟು ಹಗುರಾದ ಕತ್ತು ಎತ್ತಿಸಿದನಲ್ಲ, ಈಗ ಎದ್ದುಬಿಡುತ್ತಾನೆ ಅನ್ನೋ ಹಾಗೆ, ಅದು ಅವನ ಕೆಲಸ. ಗೇಣುದ್ದದ ಫೈಬರು ಬಸವಣ್ಣ ಎದ್ದರೆ ಎದ್ದ, ಯಾರಿಗೆ ಏನು?

ಬೆರಳಲ್ಲಿ ತಟ್ಟಿ ನೋಡಿದೆ. ಟೊಳ್ಳು. ಪಕ್ಕೆಯಲ್ಲಿ ಮೂತಿಯಿಂದ ಬಾಲದ ತನಕ ಒಂದು ಸಣ್ಣ ಗೆರೆ ಓಡಿದೆ. ಎರಡು ಹೋಳು ಅಚ್ಚು ಕೂಡಿಸಿದ ಜಾಗ. ನಾವು ಆಲೆಮನೆ ನೋಡಿದವರು, ನಮಗೆ ಅಚ್ಚಿನ ಗುಟ್ಟು ಗೊತ್ತು. ಒಂದೇ ಕೊಪ್ಪರಿಗೆಯ ಪಾಕ ಸಾವಿರ ಅಚ್ಚಿಗೆ ಹೋದರೂ ಎಲ್ಲಾ ಅಚ್ಚುಬೆಲ್ಲವೂ ಒಂದೇ. ಬೆಲ್ಲ ಹಾಗಿರಬೇಕು, ಸರಿ.

ದರ್ಪಣ ಸುಂದರಿಯ ವಿಷಯಕ್ಕೆ ಬಂದರೆ ನನ್ನ ಮಾತು ಸ್ವಲ್ಪ ಮೆತ್ತಗಾಗುತ್ತೆ. ಅಳಿಯನ ಹೆಂಡತಿಗೆ ಅದು ಬಹಳ ಇಷ್ಟ. ಮದುವೆ ಆದ ಮೇಲೆ ಬೇಲೂರಿಗೆ ಹೋಗಬೇಕು ಅಂತ ಎಷ್ಟೋ ಸಲ ಕೇಳಿದ್ದಳಂತೆ, ಆಗಲಿಲ್ಲ. "ನಾನು ಅಲ್ಲಿಗೆ ಓಗಕ್ಕಾಗ್ಲಿಲ್ಲ ಮಾವ, ಅವಳೇ ಬಂದ್ಳು" ಅಂದಳು. ಈ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ. ಅವಳು ತಲೆ ಬಾಚಿಕೊಳ್ಳುವಾಗ ಒಮ್ಮೊಮ್ಮೆ ಅದರ ಮುಂದೆ ನಿಲ್ಲುತ್ತಾಳಂತೆ. 18,000ದಲ್ಲಿ ಏನಾದರೂ ದುಡ್ಡು ಸರಿಯಾಗಿ ಖರ್ಚಾಗಿದ್ದರೆ ಅದಕ್ಕೇ.

ಆದರೂ ಒಂದು ಹೇಳಲೇಬೇಕು. ನಾನು ಬೇಲೂರು ನೋಡಿದ್ದೀನಿ, ಭಜನೆ ಮೇಳದ ಜೊತೆ ಹೋಗಿದ್ದೆ. ವಿಷ್ಣುವರ್ಧನ 1117ರಲ್ಲಿ ಮಾಡಿಸಿದ ಗುಡಿ. ಅಲ್ಲಿ ಈ ಮದನಿಕೆಯರು ನೆಲದ ಮೇಲೆ ನಿಂತಿಲ್ಲ. ಕಂಬದ ತಲೆಗೂ ಸೂರಿಗೂ ನಡುವೆ, ಓರೆಯಾಗಿ, ಮುಂದಕ್ಕೆ ಬಾಗಿದ ಹಾಗೆ ಇದ್ದಾರೆ. ಕೆಳಗೆ ನಿಂತು ನೋಡಿದರೆ ಅವರೇ ಬಗ್ಗಿ ನಮ್ಮನ್ನ ನೋಡಿದ ಹಾಗೆ. ತಲೆ ಮೇಲೆ ಬಳ್ಳಿ ಎಲೆಗಳ ಚಪ್ಪರ. ಬಳಪದ ಕಲ್ಲಾದ್ದರಿಂದ ಬಳೆ, ಓಲೆ, ಬೆರಳಿನ ಉಗುರು ಎಲ್ಲ ಬಿಡಿಬಿಡಿಯಾಗಿ ಬಂದಿವೆ, ಚಪ್ಪರದ ನೆರಳು ಮುಖದ ಮೇಲೆ ಬೀಳುತ್ತೆ. ನಮ್ಮ ಅಳಿಯನ ಮನೆಯದಕ್ಕೆ ಆ ಚಪ್ಪರವೇ ಇಲ್ಲ, ಕಳಚಿ ಬಿಟ್ಟಿದ್ದಾರೆ. ನೆಟ್ಟಗೆ ನಿಲ್ಲಿಸಿದ್ದಾರೆ. ಸೂರಿನ ಕೆಳಗೆ ಬಾಗಿ ನಿಲ್ಲಬೇಕಾದವಳನ್ನ ಕಂಬದಿಂದ ಇಳಿಸಿ ಟೀವಿ ಪಕ್ಕ ನಿಲ್ಲಿಸಿದರೆ ಅವಳು ಎದುರಿಗೆ ಯಾರನ್ನೂ ನೋಡುತ್ತಿಲ್ಲ ಅನ್ನಿಸುತ್ತೆ. ಬಣ್ಣವೂ ಹಾಲಿನ ಬಿಳುಪು. ಹಾಲು ಬಿಳುಪಿನ ದರ್ಪಣ ಸುಂದರಿ ನನ್ನ ಕಣ್ಣಿಗೆ ಬಾಳೆದಿಂಡು.

ಇನ್ನೊಂದು. ಬೇಲೂರಿನ ಶಿಲ್ಪಿಗಳು ಅಲ್ಲಲ್ಲಿ ತಾವು ಮಾಡಿದ ಬೊಂಬೆಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಹೀಗೆ. ನಮ್ಮ ತತ್ವಪದದಲ್ಲಿ ಕೊನೆಗೆ ಅಂಕಿತ ಬರುತ್ತಲ್ಲ, ಹಾಗೆ. ಹಾಡುವವನು ಎಂಥವನೇ ಆಗಲಿ ಅಂಕಿತ ನುಂಗುವ ಹಾಗಿಲ್ಲ, ನುಂಗಿದರೆ ಕೇಳಿದವರು ಉಗೀತಾರೆ. ಷೋಕೇಸಿನ ಸುಂದರಿಯನ್ನ ಮಗುಚಿ ತಳ ನೋಡಿದೆ. ಬೆಲೆ ಚೀಟಿ ಇತ್ತು.

ಹಂಪಿ ರಥಕ್ಕೆ ಹೆಚ್ಚು ಮಾತು ಬೇಡ. 50 ರೂಪಾಯಿ ನೋಟಿನ ಹಿಂದೆ ಬಂದ ಮೇಲೆ ಅದು ಎಲ್ಲರ ಜೇಬಿನಲ್ಲೂ ಇದೆ. ವಿಠಲನ ಗುಡಿ ಮುಂದಿನ ಆ ರಥ ನಿಜಕ್ಕೂ ರಥ ಅಲ್ಲ, ಗರುಡನ ಗುಡಿ. ಅದರ ಮೇಲೆ ಮುಂಚೆ ಇಟ್ಟಿಗೆ ಗೋಪುರ ಇತ್ತು. 1856ರಲ್ಲಿ ತೆಗೆದ ಫೋಟೋದಲ್ಲಿ ಅದು ಕಾಣುತ್ತೆ, ಮೇಷ್ಟ್ರು ನನಗೆ ತೋರಿಸಿದರು. ಆಮೇಲೆ ಅದನ್ನ ತೆಗೆದುಹಾಕಿದರು. ಈಗ ಅಂಗಡಿಯಲ್ಲಿ ಸಿಗೋದು ಗೋಪುರ ಹೋದ ಮೇಲಿನ ಬೋಳು ರಥ. ಅರ್ಧ ಉಳಿದದ್ದನ್ನ ಪೂರ್ತಿ ಅಂತ ಹಿತ್ತಾಳೆಯಲ್ಲಿ ಎರಕ ಹೊಯ್ದು ಮಾರುತ್ತಾರೆ. ಆದರೂ ಎರಕದ ಕೆಲಸ ಚೊಕ್ಕವಾಗಿದೆ, ತೂಕವೂ ಇದೆ. ನಾಲ್ಕರಲ್ಲಿ ಇದು ಪರವಾಗಿಲ್ಲ.

ನನ್ನ ನಿದ್ದೆ ಕೆಡಿಸಿದ್ದು ಗೋಡೆ ಮೇಲಿನ ಬುದ್ಧ. ಎಷ್ಟು ಶಾಂತವಾದ ಮುಖ, ಎಷ್ಟು ಚೆನ್ನಾದ ರೆಪ್ಪೆ. ಆದರೆ ಕತ್ತಿನ ಕೆಳಗೆ ಕಣ್ಣು ಹೋದರೆ ಮೈ ಜುಂ ಅನ್ನುತ್ತೆ. ನಮ್ಮ ಕಡೆ ಮುಕ್ಕಾದ ವಿಗ್ರಹವನ್ನ ಪೂಜೆಗೆ ಇಡೋದಿಲ್ಲ. ತಲೆ ಒಂದನ್ನೇ ಇಡೋದು ಮಾರಮ್ಮನ ಹಬ್ಬದಲ್ಲಿ ಕಡಿದ ಕೋಣಂದು. ದೇವರಂಥ ಮನುಷ್ಯನ ತಲೆಯನ್ನ ಮಾತ್ರ ಯಾಕೆ ಮಾಡಿದರು ಅಂತ ಅಳಿಯನ್ನ ಕೇಳಿದೆ. "ಅದು ಡಿಸೈನು ಮಾವ" ಅಂದ.

ಡಿಸೈನು ಅಲ್ಲ. ಮೇಷ್ಟ್ರು ಒಂದು ಪುಸ್ತಕ ತಂದುಕೊಟ್ಟರು. ಜಾವಾ ದ್ವೀಪದಲ್ಲಿ ಬೊರೊಬುದೂರು ಅಂತ ಒಂದು ದೊಡ್ಡ ಸ್ತೂಪ ಇದೆ. ಅದರ ಮೇಲೆ 504 ಬುದ್ಧರು. ಅದರಲ್ಲಿ 300ಕ್ಕೂ ಹೆಚ್ಚು ಮುಕ್ಕಾಗಿವೆ, ಬಹುಪಾಲಿಗೆ ತಲೆಯೇ ಇಲ್ಲ. ಕೆಲವು ತಾವಾಗಿ ಬಿದ್ದಿರಬಹುದು. ಎಷ್ಟನ್ನೋ ಕಡಿದು ಮಾರಿದ್ದಾರೆ, ಯಾಕೆಂದರೆ ಇಡೀ ವಿಗ್ರಹ ಸಾಗಿಸೋದು ಕಷ್ಟ, ತಲೆ ಆದರೆ ಪೆಟ್ಟಿಗೆಯಲ್ಲಿ ಹಿಡಿಸುತ್ತೆ. ಆ ತಲೆಗಳು ದೊರೆಗಳ ಮನೆಗೆ, ಮ್ಯೂಸಿಯಮ್ಮುಗಳಿಗೆ ಹೋದವು. ಅಲ್ಲಿ ನೋಡಿ ನೋಡಿ ಜನಕ್ಕೆ ಬುದ್ಧ ಅಂದರೆ ಬರೀ ತಲೆ ಅನ್ನೋದು ರೂಢಿಯಾಯಿತು. ಈಗ ಕಡಿಯೋ ಕೆಲಸವೂ ಇಲ್ಲ, ಮೊದಲೇ ಕಡಿದಿದ್ದನ್ನೇ ಅಚ್ಚಿಗೆ ಹೊಯ್ಯುತ್ತಾರೆ. ಕದ್ದೋನ ಕತ್ತಿ ಗುರುತೇ ಚೆಂದ ಅಂತ ಆಗಿದೆ. ಇದನ್ನ ಅಳಿಯನಿಗೆ ಹೇಳಿದೆ. ಪಾಪ, ಅವನಿಗೆ ಬೇಜಾರಾಯಿತು. ಎರಡು ದಿನ ಬಿಟ್ಟು ನೋಡಿದರೆ ಗೋಡೆ ಮೇಲೆ ಬುದ್ಧ ಇನ್ನೂ ಇದ್ದ. ಕೆಳಗೆ ಒಂದು ಹೂವಿನ ಕುಂಡ ಇಟ್ಟು ಕತ್ತು ಕಾಣದ ಹಾಗೆ ಮಾಡಿದ್ದ.

ಬೇಜಾರಿಗೋ ಏನೋ, ಅವತ್ತು ಅವನು ನನಗೂ ಒಂದು ಕೊಟ್ಟ. "ಮಾವ, ನೀನು ಆಡೋ ಪದ ನೀನು ಕಟ್ಟಿದ್ದಾ? ಯಾರೋ ಕಟ್ಟಿದ್ದನ್ನ ನೀನು ಆಡ್ತೀಯ. ನಿಂದೂ ಕಾಪಿನೇ ಅಲ್ವಾ?"

ನಾನು ಏಳನೇ ಕ್ಲಾಸಿನವನು, ಇಂಥ ಮಾತಿಗೆ ಥಟ್ಟನೆ ಉತ್ತರ ಬರೋದಿಲ್ಲ. ಕಡ್ಲೆಕಾಯಿ ಕಳೆ ತೆಗೆಯುತ್ತಾ ಎರಡು ದಿನ ಯೋಚನೆ ಮಾಡಿದೆ. ಅವನು ಹೇಳಿದ್ದು ಅರ್ಧ ನಿಜ. ನಾನು ಹಾಡೋ ಪದ ಯಾವುದೂ ನನ್ನದಲ್ಲ. ಲೇಪಾಕ್ಷಿ ಬಸವಣ್ಣನೂ ಹಾಗೇ, ಅದಕ್ಕೂ ಮುಂಚೆ ಸಾವಿರ ಬಸವಣ್ಣ ಇದ್ದರು. ಕಿವಿ ಇಷ್ಟಿರಬೇಕು, ಕೊಂಬು ಇಷ್ಟಿರಬೇಕು ಅಂತ ಅಳತೆ ಹಿಂದಿನಿಂದ ಬಂದದ್ದೇ. ಹಾಗಾದರೆ ಫೈಬರು ಬಸವಣ್ಣನ ಮೇಲೆ ನನಗೆ ಯಾಕೆ ಸಿಟ್ಟು?

ನನಗೆ ಪದ ಕಲಿಸಿದ ಗುರುಗಳು ಅವರ ದನಿಯನ್ನೇ ಎಳೆದು ಹಾಡಿದರೆ ಬೈಯುತ್ತಿದ್ದರು. ನನ್ನ ಗಂಟಲು ನನಗಿರಲಿ, ನಿನ್ನ ಗಂಟಲಲ್ಲಿ ಹಾಡು ಅನ್ನೋರು. ಅವರು ಏರಿಸೋ ಕಡೆ ನನಗೆ ಏರೋಕೆ ಆಗುತ್ತಿರಲಿಲ್ಲ. ಆಗ ಅಲ್ಲಿ ನಾನೇ ಒಂದು ತಿರುವು ಹುಡುಕಬೇಕಾಯಿತು. ಈಗ ನನ್ನ ಹತ್ರ ಕಲಿತ ಹುಡುಗರು ಆ ತಿರುವನ್ನೇ ಪದ ಅಂದುಕೊಂಡಿದ್ದಾರೆ. ಬಸವಣ್ಣನನ್ನ ಕೆತ್ತಿದವನಿಗೂ ಬಂಡೆ ಎಲ್ಲೋ ಅಡ್ಡ ಬಂದಿರುತ್ತೆ. ಅಚ್ಚಿಗೆ ಏನೂ ಅಡ್ಡ ಬರೋದಿಲ್ಲ. ಅಡ್ಡ ಬರದೇ ಇದ್ದರೆ ತಿರುವು ಎಲ್ಲಿಂದ ಬರಬೇಕು? ಇಷ್ಟು ನನಗೆ ಹೊಳೀತು. ಅಳಿಯನಿಗೆ ಹೇಳಿದೆ, ಹೂಂ ಅಂದ. ಒಪ್ಪಿದನೋ ಇಲ್ಲವೋ ಗೊತ್ತಾಗಲಿಲ್ಲ.

ಗೃಹಪ್ರವೇಶದ ದಿನದ ಇನ್ನೊಂದು ಸಂಗತಿ ಅವನಿಗೆ ಹೇಳಲಿಲ್ಲ, ಇಲ್ಲಿ ಬರೀತೀನಿ. ಅವತ್ತು ಸ್ಪೀಕರಿನಲ್ಲಿ ಬೆಳಗಿನಿಂದ ಸೋಬಾನೆ ಪದ ಬರುತ್ತಿತ್ತು. ಎಲ್ಲೋ ಯಾರೋ ಹಾಡಿ ತುಂಬಿಸಿದ್ದು, ಚೆನ್ನಾಗೇ ಇತ್ತು. ಆ ಪದವನ್ನ ಹಾಡಬಲ್ಲ ನಾಲ್ಕು ಜನ ಹೆಂಗಸರು, ನಮ್ಮಕ್ಕನೂ ಸೇರಿ, ಎಲೆ ಮುಂದೆ ಸುಮ್ಮನೆ ಕೂತು ಊಟ ಮಾಡಿ ಎದ್ದರು. ರಾತ್ರಿ ಭಜನೆಗೂ ನಮ್ಮನ್ನ ಕರೆಯಲಿಲ್ಲ.

ನಮ್ಮ ಊರುಗಳಲ್ಲಿ ಅಸಲಿ ಇಲ್ಲ ಅಂತ ನಕಲಿ ತರುತ್ತಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಹೇಮಾವತಿ ಇಲ್ಲೇ ಇದೆ, ಅಮರಾಪುರ ಮಂಡಲದಲ್ಲಿ. ಹಳೇ ಹೆಸರು ಹೆಂಜೇರು. ನೊಳಂಬರು ಸಾವಿರ ವರ್ಷದ ಹಿಂದೆ ಅಲ್ಲಿ ಕೂತು ನೊಳಂಬವಾಡಿ 32,000 ಅನ್ನೋ ನಾಡನ್ನ ಆಳಿದರು. ಅವರು ಹಾಕಿಸಿದ ಕನ್ನಡ ಶಾಸನಗಳು ಇವತ್ತಿಗೂ ಅಲ್ಲಿವೆ. ಆಂಧ್ರಕ್ಕೆ ಸೇರಿದ ನಮ್ಮ ಮಕ್ಕಳಿಗೆ ಕನ್ನಡ ಯಾಕೆ ಬೇಕು ಅನ್ನೋರಿಗೆ ಆ ಕಲ್ಲು ತೋರಿಸಿದರೆ ಸಾಕು. ಸಿದ್ಧೇಶ್ವರನ ಜಾತ್ರೆಗೆ ನಾವೆಲ್ಲ ಹೋಗ್ತೀವಿ. ಲಿಂಗ ಅಲ್ಲ, ಮನುಷ್ಯ ರೂಪದಲ್ಲೇ ಕೂತ ಶಿವ, ಅಂಥದ್ದು ಬೇರೆ ಕಡೆ ಅಪರೂಪ. ದೊಡ್ಡೇಶ್ವರನ ಗುಡಿಯ ಕಲ್ಲಿನ ಜಾಲಂಧ್ರಗಳನ್ನ ಎಷ್ಟು ಜನ ನಿಂತು ನೋಡಿದ್ದೀರಿ? ಗಾಳಿ ಬೆಳಕಿಗೆ ಬಿಟ್ಟ ಕಿಂಡಿಯಲ್ಲೇ ಬೊಂಬೆ ಕೆತ್ತಿದ್ದಾರೆ. ಆ ಕಪ್ಪು ಕಲ್ಲಿನ ನುಣುಪಿಗೆ ಮುಖ ಇಟ್ಟರೆ ಬೇಸಿಗೆಯಲ್ಲೂ ತಣ್ಣಗೆ. ಅಲ್ಲಿನ ಕಂಬ, ವಿಗ್ರಹ ಬ್ರಿಟಿಷರ ಕಾಲದಲ್ಲಿ ಮದರಾಸಿನ ಮ್ಯೂಸಿಯಮ್ಮಿಗೆ ಹೋದವು. ಇಂದಿಗೂ ಅಲ್ಲಿವೆ. ಅಷ್ಟು ದೂರದವರಿಗೆ ಬೇಕಾಯಿತು. ಅಳಿಯನಿಗೆ ಹೇಮಾವತಿಯದು ಯಾವುದೂ ಸಿಗಲಿಲ್ಲವಾ ಅಂತ ಕೇಳಿದೆ. ಅಂಗಡಿಯವನಿಗೆ ಆ ಹೆಸರೇ ಗೊತ್ತಿರಲಿಲ್ಲವಂತೆ.

ಬೇರೆಯವರನ್ನ ಅನ್ನೋದು ಸುಲಭ. ನಮ್ಮ ಮನೆಯ ಕಥೆ ಹೇಳದೇ ಇದ್ದರೆ ತಪ್ಪಾಗುತ್ತೆ. ನಮ್ಮ ಹೊಲದ ಬಾವಿ ಹತ್ರ ಬಟ್ಟೆ ಒಗೆಯೋ ಕಲ್ಲೊಂದಿತ್ತು. ನಮ್ಮವ್ವ ಅದರ ಮೇಲೆ ಒಗೆದಳು, ನನ್ನ ಹೆಂಡತಿ ಒಗೆದಳು. ನಾನು ಅದರ ಮೇಲೆ ಕೂತು ಎಷ್ಟೋ ಪದ ಕಲಿತಿದ್ದೀನಿ. ಹತ್ತು ವರ್ಷದ ಹಿಂದೆ ಪೈಪಿಗೆ ಕಾಲುವೆ ತೋಡುವಾಗ ಮಗುಚಿದೆವು. ಅಡಿ ಮುಖದಲ್ಲಿ ವೀರಗಲ್ಲು. ಕೆಳಗಿನ ಪಟ್ಟಿಯಲ್ಲಿ ದನಗಳು, ಬಿಲ್ಲು ಹಿಡಿದ ಒಬ್ಬ. ನಡುವಿನ ಪಟ್ಟಿಯಲ್ಲಿ ಅವನನ್ನ ಎರಡು ಕಡೆ ಹಿಡಿದು ಮೇಲಕ್ಕೆ ಒಯ್ಯುವ ಹೆಂಗಸರು. ಮೇಲೆ ಲಿಂಗ, ಪಕ್ಕದಲ್ಲಿ ಬಸವಣ್ಣ, ಬೆರಳುದ್ದ. ಅಕ್ಷರ ಇಲ್ಲ. ಊರ ದನ ಹೊಡಕೊಂಡು ಹೋದೋರ ಹಿಂದೆ ಹೋಗಿ ಸತ್ತವನು. ಅವನ ಎದೆ ಮೇಲೆ ನಾವು ಮೂರು ತಲೆಮಾರು ಸೀರೆ ಪಂಚೆ ಒಗೆದಿದ್ದೆವು. ಒಳ್ಳೇದಕ್ಕೆ ಮುಖ ಮಣ್ಣಿಗಿತ್ತು, ಅದಕ್ಕೇ ಉಳಕೊಂಡಿದೆ. ಎತ್ತಿ ಬದುವಿನ ಮೇಲೆ ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಅಷ್ಟೇ. ಆಮೇಲೆ ಅದರ ಸುತ್ತ ಗಿಡ ಬೆಳೀತು, ನಾನೂ ಮರೆತೆ.

ಹೋದ ದೀಪಾವಳಿಗೆ ಅಳಿಯ ಬಂದಿದ್ದ, ಜೊತೆಗೆ ಅವನ ಆರು ವರ್ಷದ ಮಗಳು. ಅವಳು ಷೋಕೇಸಿನ ಬಸವಣ್ಣನನ್ನ ಯಾವಾಗಲೂ ಕೈಗೆ ತಗೊಂಡು ಗಂಟೆ ಎಣಿಸೋಳು. ಒಡೀತೀಯ ಅಂತ ಅವರಮ್ಮ ಗದರಿಸೋಳು. ಗುಡಿಯಲ್ಲಿ ಆಗಿದ್ದರೆ ಮುಟ್ಟೋಕೆ ಬಿಡುತ್ತಿರಲಿಲ್ಲ, ಇದೊಂದು ಲಾಭ ನಕಲಿಯಿಂದ ಅಂತ ಒಪ್ಪಿಕೊಳ್ತೀನಿ. ಮಗು ನಮ್ಮ ಹೊಲಕ್ಕೆ ಬಂದದ್ದು ಬದುವಿನ ಕಲ್ಲು ಕಂಡು ಗಿಡ ಸರಿಸಿ, "ತಾತ, ಇಲ್ಲೂ ಒಂದು ಪುಟಾಣಿ ಬಸವಣ್ಣ ಐತೆ" ಅಂತು. ಲೇಪಾಕ್ಷಿಯವನ ಗಂಟೆ ಎಣಿಸಿ ಎಣಿಸಿ ಅವಳ ಕಣ್ಣು ಬಸವಣ್ಣನನ್ನ ಎಲ್ಲಿದ್ದರೂ ಹಿಡಿಯೋ ಹಾಗೆ ಆಗಿದೆ. ಚೊಂಬಿನಲ್ಲಿ ನೀರು ತಂದು ನಾವಿಬ್ಬರೂ ತೊಳೆದೆವು. ನೀರು ಬಿದ್ದ ಮೇಲೆ ಕಲ್ಲು ಕಪ್ಪಗಾಗಿ ಬಿಲ್ಲಿನ ಹೆದೆ ಕೂಡ ಕಂಡಿತು.

ಅಳಿಯ ಬಂದು ಬಹಳ ಹೊತ್ತು ನಿಂತು ನೋಡಿದ. ಅದನ್ನ ನನ್ನ ಮನೆಗೆ ಕೊಡು ಮಾವ, ಷೋಕೇಸು ತೆಗೆಸಿ ಇದನ್ನೇ ನಿಲ್ಲಿಸ್ತೀನಿ ಅಂದ. ನಾನು ಒಪ್ಪಲಿಲ್ಲ. ಸತ್ತವನು ಈ ಹೊಲದ ಅಕ್ಕಪಕ್ಕ ಎಲ್ಲೋ ಸತ್ತಿದ್ದಾನೆ, ನಿನ್ನ ನಡುಮನೆಯಲ್ಲಿ ಅಲ್ಲ ಅಂದೆ. ಮಾತು ಸ್ವಲ್ಪ ಬಿರುಸಾಯಿತು. ಸಂಜೆ ಅವನೇ ಬಂದು, ಮಾಲೂರು ಕಡೆ ಶಿವಾರಪಟ್ಟಣದಲ್ಲಿ ಕೈಯಲ್ಲೇ ಕಲ್ಲು ಕೆತ್ತೋರಿದ್ದಾರೆ, ಅವರ ಹತ್ರ ಇದನ್ನ ನೋಡಿ ಇನ್ನೊಂದು ಮಾಡಿಸಲಾ ಅಂತ ಕೇಳಿದ.

ಅದಕ್ಕೆ ಬೇಡ ಅನ್ನಲಿಲ್ಲ. ಕೆತ್ತೋನನ್ನ ಇಲ್ಲಿಗೇ ಕರಕೊಂಡು ಬಾ, ಮೊಬೈಲಿನ ಫೋಟೋ ತೋರಿಸಬೇಡ, ಬದುವಿನ ಮೇಲೆ ಕೂತು ನೋಡಲಿ ಅಂದೆ. ಕೆಳಗೆ ಅವನ ಹೆಸರು ಹಾಕಿಸು ಅಂದೆ. ಟೇಪು ತಂದು ಇಬ್ಬರೂ ಅಳತೆ ತೆಗೆದೆವು, ಮಗು ಒಂದು ತುದಿ ಹಿಡಕೊಂಡಿತ್ತು. ಎತ್ತರ 3 ಅಡಿ 4 ಅಂಗುಲ, ಅಗಲ 2 ಅಡಿ. ಷೋಕೇಸಿಗೆ ಹಿಡಿಸೋದಿಲ್ಲ, 2 ಅಡಿಗೆ ಇಳಿಸಲಾ ಅಂದ. ಇಳಿಸಬೇಡ, ಷೋಕೇಸು ಒಡೆಸು ಅಂದಿದ್ದೀನಿ.